ಹತ್ತನೆಯ ಫೋನು

ಶಹಾಬಾದ
20 ಜನವರಿ 2025

ಬೀರೇಶ,

ಆಶೀರ್ವಾದ. ಈ ಕಾಲದಲ್ಲಿ ಅಂಚೆ ಕಾಗದವೇ ಎಂದು ನಗಬೇಡ. ದೀಪಾವಳಿಗೆ ನಿಮ್ಮೂರು ಭಂಕೂರಿಗೆ ಬಂದಾಗ ನೀನೇ ಹೇಳಿದ್ದೆ: ‘ರ‍್ಯಾಂಕಿಂಗ್ ಸೀಸನ್ ಮುಗಿಯೋತನಕ ಫೋನ್ ಮಾಡಬ್ಯಾಡ್ರಿ ಮೇಡಂ, ನಮ್ಮ ಆಫೀಸಿನವ್ರು ಫೋನು, ಇಮೇಲು ಎಲ್ಲಾ ನೋಡ್ತಾರ.’ ನೋಡಲಿ ಪಾಪ. ಈ ಕಾಗದ ನಿನ್ನ ಬಾಡಿಗೆ ಮನೆಯ ವಿಳಾಸಕ್ಕೇ ಹಾಕಿದ್ದೇನೆ.

ಇಲ್ಲಿಯ ಸುದ್ದಿ ಚೆನ್ನಾಗಿಲ್ಲ. ಮೊನ್ನೆ ನಮ್ಮ ಸಂಸ್ಥೆಯ ಅಧ್ಯಕ್ಷರು ಸ್ಟಾಫ್ ರೂಮಿಗೇ ಬಂದು ಕೂತರು. ‘ಮೇಡಂ, ಎಂಬಿಎ ನಡೆಸಿ ಹತ್ತು ವರ್ಷ ಆತು. ಒಂದು ಪೇಪರಿನಾಗ ನಮ್ಮ ಹೆಸರಿಲ್ಲ, ಒಂದು ಪಟ್ಟಿಯಾಗ ನಂಬರಿಲ್ಲ. ಈ ಸಲ ಮೊದಲನೇ ನೂರರೊಳಗ ಬರಲಿಲ್ಲಂದ್ರ ಜೂನಿಗೆ ಬಾಗಿಲ ಹಾಕ್ತೀನಿ. ಬಿಲ್ಡಿಂಗ್ ಬಾಡಿಗಿ ಕೇಳೋರು ಭಾಳ ಮಂದಿ ಅದಾರ’ ಎಂದರು. ನೂರು ಎಂದರೆ ನಿಮ್ಮ ವಾರಪತ್ರಿಕೆ ಪ್ರತಿ ಮೇ ತಿಂಗಳು ಅಚ್ಚು ಮಾಡುವ ನೂರು. ನೀನು ಕೂತು ಕಾಲೇಜುಗಳ ಅಂಕಿ-ಅಂಶ ಪರೀಕ್ಷಿಸುತ್ತೀಯಲ್ಲ, ಅದೇ ನೂರು.

ನಮ್ಮ ಎರಡು ತರಗತಿಗಳಲ್ಲಿ ಈಗ ಇಪ್ಪತ್ತೆಂಟು ಹುಡುಗಿಯರಿದ್ದಾರೆ. ಸೇಡಂ, ಚಿತ್ತಾಪುರದವರು ಬೆಳಗಿನ ಪ್ಯಾಸೆಂಜರ್ ಹಿಡಿದು ವಾಡಿ ದಾಟಿ ಬರುತ್ತಾರೆ. ಚಿಂಚೋಳಿಯ ಇಬ್ಬರು ಕಾಳಗಿಯಲ್ಲಿ ಬಸ್ಸು ಬದಲಿಸಿ ಬರುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಾರೆಂಬ ಒಂದೇ ಕಾರಣಕ್ಕೆ ಅವರ ತಂದೆಯರು ಕಳಿಸಿದ್ದಾರೆ. ಈ ಬಾಗಿಲು ಮುಚ್ಚಿದರೆ ಅವರಲ್ಲಿ ಒಬ್ಬಳನ್ನೂ ಕಲಬುರಗಿಗೋ ಹೈದರಾಬಾದಿಗೋ ಕಳಿಸುವುದಿಲ್ಲ. ನಿನ್ನ ತಂಗಿ ಸರಿತಾ ಮೊದಲ ವರ್ಷದಲ್ಲಿದ್ದಾಳೆ. ಅದನ್ನು ನಿನಗೆ ನಾನು ಹೇಳಬೇಕಾಗಿಲ್ಲ.

ಫಾರಂ ತುಂಬಿ ಕಳಿಸಿದ್ದೇನೆ. ಹೇಗೆ ತುಂಬಬೇಕೋ ಹಾಗೆ ತುಂಬಿದ್ದೇನೆ. ನಿನಗೆ ನಾನೇನೂ ಕೇಳುತ್ತಿಲ್ಲ, ಸುಮ್ಮನೆ ತಿಳಿಸಿದೆ ಅಷ್ಟೇ.

ವೃಂದಾ


ಪುಣೆ
2 ಫೆಬ್ರವರಿ 2025

ವೃಂದಾ ಮೇಡಂ ಅವರಿಗೆ ನಮಸ್ಕಾರಗಳು.

ಕಾಗದ ಮುಟ್ಟಿತು. ಓದಿ ಮುಗಿಸುವಷ್ಟರಲ್ಲಿ ಬೆವರು ಬಿಟ್ಟಿತು. ದಯವಿಟ್ಟು ಇನ್ನೊಂದು ಬರೆಯಬೇಡಿ. ಪ್ರತಿ ಸೀಸನ್ ಶುರುವಾಗುವ ಮುಂಚೆ ನಮ್ಮಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಓದಿದ ಕಾಲೇಜಿನ ಜೊತೆ, ಕಲಿಸಿದವರ ಜೊತೆ ಯಾವ ವ್ಯವಹಾರವೂ ಇಲ್ಲ ಎಂದು. ನನ್ನದು ವರ್ಷ ವರ್ಷದ ಕಾಂಟ್ರ್ಯಾಕ್ಟು.

ನೀವು ಕೇಳುತ್ತಿಲ್ಲ ಅಂದಿರಿ. ಕೇಳಿದ್ದರೆ ಚೆನ್ನಾಗಿತ್ತು, ಇಲ್ಲ ಎನ್ನುವುದು ಸುಲಭವಾಗುತ್ತಿತ್ತು.

ಇಲ್ಲಿ ಗೋಡೆಯ ತುಂಬ ಫೈಲು. ದೇಶದ ಮೂಲೆಮೂಲೆಯಿಂದ ಬಂದವು. ನೋಡಿದಾಗೆಲ್ಲ ನಿಮ್ಮ ಮೊದಲ ಪಾಠ ನೆನಪಾಗುತ್ತದೆ. ಅಮೆರಿಕಾದಲ್ಲಿ ರೈಲು, ಉಕ್ಕು ಕಂಪನಿಗಳು ದೊಡ್ಡವಾಗಿ, ನಡೆಸುವವರು ಬೇಕಾದಾಗ, 1908ರಲ್ಲಿ ಹಾರ್ವರ್ಡಿನವರು ಈ ಪದವಿ ಶುರು ಮಾಡಿದರು. ಏನು ಕಲಿಸಬೇಕೆಂದು ಅವರಿಗೇ ಪೂರ್ತಿ ಗೊತ್ತಿರಲಿಲ್ಲ ಅಂದಿರಿ. ಐವತ್ತರ ದಶಕದಲ್ಲಿ ಯುರೋಪಿಗೆ, ಅರವತ್ತರ ದಶಕದಲ್ಲಿ ಕಲಕತ್ತಾ, ಅಹಮದಾಬಾದಿಗೆ, ತೊಂಬತ್ತರ ನಂತರ ಊರೂರಿಗೆ. ‘ಎಂಬತ್ತು ವರ್ಷ ಯಾರ ನಂಬರ್ ಎಷ್ಟಂತ ಯಾರೂ ಭಾಳ ತಲಿ ಕೆಡಿಸಿಕೊಂಡಿರಲಿಲ್ಲ. 1988ರಾಗ ಒಂದು ವಾರಪತ್ರಿಕೆ ಹುಡುಗರಿಗೆ, ಕೆಲಸ ಕೊಡೋರಿಗೆ ಕೇಳಿ ಪಟ್ಟಿ ಮಾಡ್ತು. ಎಲ್ಲಾರೂ ಮೊದಲನೇದು ಅಂದಕೊಂಡಿದ್ದು ಮೊದಲು ಬರಲಿಲ್ಲ. ಅವತ್ತಿಂದ ಡೀನ್‌ಗಳ ನಿದ್ದಿ ಹೋತು’ ಅಂದು ನಕ್ಕಿರಿ. ಆಮೇಲೆ ಬೋರ್ಡಿನ ಮೇಲೆ ಬರೆದಿರಿ: ಕಾಲೇಜುಗಳು ಅಂದಿನಿಂದ ಪಾಠ ಬಿಟ್ಟು ನಂಬರಿಗೆ ದುಡಿಯತೊಡಗಿದವು.

ನನ್ನ ನೋಟುಬುಕ್ಕಿನಲ್ಲಿ ಅದು ಇನ್ನೂ ಇದೆ ಮೇಡಂ.

ಫೈಲುಗಳನ್ನು ಕಂಪ್ಯೂಟರು ಹಂಚುತ್ತದೆ. ನಿಮ್ಮದು ಯಾರ ಟೇಬಲ್ಲಿಗೆ ಹೋಗುತ್ತದೋ ನನಗೆ ತಿಳಿಯುವುದಿಲ್ಲ.

ಬೀರೇಶ


ಶಹಾಬಾದ
11 ಫೆಬ್ರವರಿ 2025

ಬೀರೇಶ,

ಭಲೇ! ನನ್ನ ಪಾಠವನ್ನು ನನಗೇ ಒಪ್ಪಿಸಿದೆ. ಪರೀಕ್ಷೆಯಲ್ಲಿ ಇಷ್ಟು ನೆಟ್ಟಗೆ ಬರೆದಿದ್ದರೆ ಫಸ್ಟ್ ಕ್ಲಾಸ್ ಬರುತ್ತಿತ್ತು.

ಬರೆಯಬೇಡಿ ಅಂದಿದ್ದೀಯ, ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿ ಮೂರು ದಿನ ಸಿಟ್ಟಿನಲ್ಲಿದ್ದೆ. ನಾಲ್ಕನೆಯ ದಿನ ಸಿಟ್ಟು ನಿನ್ನ ಮೇಲಲ್ಲ ಎಂದು ಗೊತ್ತಾಯಿತು. ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎದೆ ಒಡೆಯುತ್ತದೆ. ಫಾರಂ ಸರಿಯಾಗಿ ತುಂಬಿಲ್ಲ. ಕಳೆದ ಎರಡು ಬ್ಯಾಚಿನಲ್ಲಿ ಪಾಸಾದವರು ನಲವತ್ತಾರು ಮಂದಿ. ನೌಕರಿ ಸಿಕ್ಕವರು ನಲವತ್ತೊಂದು ಎಂದು ಬರೆದಿದ್ದೇನೆ. ಖರೆ ಹೇಳಬೇಕೆಂದರೆ ಹದಿನೇಳು.

ಮೂರು ವರ್ಷ ಅಧ್ಯಕ್ಷರು ಹೇಳಿದರೂ ನಾನು ಒಪ್ಪಿರಲಿಲ್ಲ. ಈ ವರ್ಷ ಒಪ್ಪಿದೆ. ಮಜೀದಸಾಬರ ಮಗಳು ಹುಮೇರಾ ನಿನ್ನ ಕ್ಲಾಸಿನವಳೇ ಅಲ್ಲವೇ? ಪಾಸಾದಾಗಿನಿಂದ ಮನೆಯಲ್ಲಿ ಕೂತಿದ್ದಾಳೆ. ಅವರಪ್ಪನ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆಗೆ ಆಕೆಯೇ ಮ್ಯಾನೇಜರು ಎಂದು ಬರೆದೆ. ಒಂದು ಬರೆದ ಮೇಲೆ ಎರಡನೆಯದಕ್ಕೆ ಕೈ ತಡೆಯಲಿಲ್ಲ. ಹೊಲ ಇದ್ದವರನ್ನು ಕೃಷಿ ಉದ್ಯಮಿ ಮಾಡಿದೆ. ಪಗಾರದ ಅಂಕಣವನ್ನೂ ನಾನೇ ತುಂಬಿದೆ. ಸಹಿ ನನ್ನದೇ.

ನೀವು ಹತ್ತು ಮನೆಗಳಿಗೆ ಫೋನ್ ಮಾಡಿ ಕೇಳುತ್ತೀರಂತೆ. ನಾವು ಕೊಟ್ಟಿರುವುದು ಅಡ್ಮಿಷನ್ ಫಾರಂನಲ್ಲಿದ್ದ ತಂದೆಯರ ನಂಬರು. ಏನು ಕೇಳುತ್ತೀರಿ? ಯಾವಾಗ ಕೇಳುತ್ತೀರಿ? ಅಷ್ಟು ಹೇಳು, ನಾನು ಮನೆಮನೆಗೆ ಹೋಗಿ ಒಂದು ಮಾತು ಹೇಳಿಟ್ಟು ಬರುತ್ತೇನೆ. ಈ ಸಲ ಕೇಳುತ್ತಿದ್ದೇನಪ್ಪ. ಇಲ್ಲ ಎನ್ನುವುದು ನಿನಗೆ ಸುಲಭವಾಯಿತೋ ನೋಡು.

ವೃಂದಾ


ಪುಣೆ
1 ಮಾರ್ಚ್ 2025

ಮೇಡಂ,

ಉತ್ತರ ತಡವಾಯಿತು. ಬೇಕಂತಲೇ ತಡ ಮಾಡಿದೆ.

ನಾನೂ ನಿಮಗೆ ಖರೆ ಹೇಳಿರಲಿಲ್ಲ. ನಿಮ್ಮ ಮೊದಲ ಕಾಗದ ಬರುವ ಮುಂಚೆಯೇ ನಿಮ್ಮ ಫೈಲು ನನ್ನ ಟೇಬಲ್ಲಿಗೆ ಬಂದಿತ್ತು. ಕಂಪ್ಯೂಟರೇ ಕೊಟ್ಟಿತು. ಅವತ್ತೇ ಎದ್ದು ಹೋಗಿ, ‘ಇದು ನಾನು ಓದಿದ ಕಾಲೇಜು, ಬೇರೆಯವರಿಗೆ ಕೊಡಿ’ ಎನ್ನಬೇಕಿತ್ತು. ಕೊನೆಯ ಪುಟದಲ್ಲಿ ನಿಮ್ಮ ಸಹಿ ನೋಡಿದೆ. ಹೇಳಲಿಲ್ಲ. ಯಾಕೆ ಎಂದು ಕೇಳಬೇಡಿ. ನನ್ನ ಅಪ್ಪನ ಮುಂದೆ ಕೂತು, ಕುರಿ ಕಾಯುವ ಹುಡುಗನಿಗೆ ಎಂಬಿಎ ಯಾಕೆ ಬೇಕೆಂದು ಎರಡು ತಾಸು ವಾದ ಮಾಡಿದವರು ನೀವು. ಆ ಸಹಿಯನ್ನು ಇನ್ನೊಬ್ಬರ ಕೈಗೆ ಕೊಡಲು ಮನಸ್ಸಾಗಲಿಲ್ಲ.

ನೀವು ಮನೆಮನೆಗೆ ಹೋಗುವುದು ಬೇಡ. ಫೋನು ಮುಗಿದಿವೆ.

ನಮ್ಮಲ್ಲಿ ಫೈಲು ನೋಡುವವರು ಬೇರೆ, ಫೋನ್ ಮಾಡುವವರು ಬೇರೆ. ಫೋನ್ ಮಾಡಿದವಳು ಸೊಲ್ಲಾಪುರದ ಶಗುಫ್ತಾ. ನನ್ನ ಪಕ್ಕದ ಕುರ್ಚಿ. ಕನ್ನಡ ಬರುತ್ತದೆ, ಹೊಸಬಳು. ಅವಳ ಕೈಯಲ್ಲಿ ಕಾಲೇಜಿನ ಹೆಸರಾಗಲಿ ಹುಡುಗರ ಹೆಸರಾಗಲಿ ಇರುವುದಿಲ್ಲ, ನೌಕರಿ ಇದೆ ಎಂದು ಕಾಲೇಜು ಬರೆದವರ ಮನೆಯ ಹತ್ತು ನಂಬರು ಬರೀ. ‘ನಿಮ್ಮ ಮನ್ಯಾಗ ಎಂಬಿಎ ಮುಗಿಸಿದವ್ರು ಈಗ ಏನ್ ಮಾಡ್ತಾರ, ಪಗಾರ ಎಷ್ಟು’ ಎಂದು ಕೇಳುತ್ತಾಳೆ. ಸ್ಪೀಕರ್ ಹಾಕಿರುತ್ತಾಳೆ.

ಮೊದಲನೆಯದು ಮಜೀದಸಾಬರು. ‘ಅಯ್ಯೋ, ನಮ್ಮ ಬೇಟಿ ಮ್ಯಾನೇಜರ್ ಅದಾಳ್ರಿ! ಅರವತ್ತು ಸಾವಿರ ಪಗಾರ. ಅಡಗಿನೂ ಭಾಳ ಛಲೋ ಮಾಡ್ತಾಳ. ನೀವು ಯಾವ ಊರವ್ರು? ಮನಿಗೇ ಬರ್ರಲ್ಲ, ಚಹಾ ಕುಡಕೊಂತ ಮಾತಾಡೋಣ.’ ಎರಡನೆಯದು, ಮೂರನೆಯದು, ಎಲ್ಲ ಹೀಗೇ. ನೀವು ಐವತ್ತು ಸಾವಿರ ಬರೆದ ಕಡೆ ಅವರು ಎಪ್ಪತ್ತು ಹೇಳಿದರು. ಒಬ್ಬರಂತೂ ‘ಮಗಾ ಬೀಡಿ ಸುದ್ದಾ ಮುಟ್ಟಂಗಿಲ್ರಿ’ ಎಂದರು. ಶಗುಫ್ತಾ ಫೋನಿಟ್ಟು, ‘ನಿಮ್ಮ ಕಡಿ ಮಂದಿ ಎಷ್ಟು ಛಲೋ ಅದಾರ್ರಿ ಬೀರೇಶ, ಎಲ್ಲಾರೂ ಮನಿಗೆ ಕರೀತಾರ’ ಎಂದಳು. ನನಗೆ ನಗು ಬಂತು, ಕೂಡಲೇ ಕಾರಣ ಹೊಳೆಯಿತು. ಗುರುತಿಲ್ಲದ ಹೆಣ್ಣುಮಗಳು ಫೋನ್ ಮಾಡಿ ಮಗಳು ಏನು ಓದಿದ್ದಾಳೆ, ಎಷ್ಟು ಗಳಿಸುತ್ತಾಳೆ ಎಂದು ಕೇಳಿದರೆ ನಮ್ಮ ಕಡೆ ಏನು ತಿಳಿಯುತ್ತಾರೆ? ಸಂಬಂಧ ಕೇಳಲು ಬಂದವರು ಎಂದು. ಅಂಥವರ ಮುಂದೆ ಮಗಳು ಮನೆಯಲ್ಲಿ ಕೂತಿದ್ದಾಳೆ ಎಂದು ಯಾವ ತಂದೆ ಹೇಳುತ್ತಾನೆ? ಯಾರೂ ಹೇಳಿಕೊಡದೆ ನಿಮ್ಮ ಫಾರಂ ಪಾಸಾಯಿತು. ಒಂಬತ್ತಕ್ಕೆ ಒಂಬತ್ತು. ಅದರಲ್ಲಿ ಆರು ಸುಳ್ಳೆಂದು ನನಗೆ ಗೊತ್ತು.

ಹತ್ತನೆಯ ಫೋನಿನಲ್ಲಿ ನನ್ನ ಅಪ್ಪನ ದನಿ.

ಹತ್ತರಲ್ಲಿ ನನ್ನದೂ ಒಂದು ಬಂದಿತ್ತು ಮೇಡಂ. ನನ್ನ ಮದುವೆ ಆಗಿ ವರ್ಷವಾಯಿತು, ಹಾಗಾಗಿ ಅಪ್ಪನಿಗೆ ಸಂಬಂಧದ ಯೋಚನೆ ಬರಲಿಲ್ಲ. ಬಂದದ್ದು ರೇಷನ್ ಕಾರ್ಡಿನ ಯೋಚನೆ. ಗಳಿಕೆ ಇದ್ದವರ ಕಾರ್ಡು ಕಿತ್ತುಕೊಳ್ಳುತ್ತಾರೆಂದು ಊರೆಲ್ಲ ಹೆದರಿಕೊಂಡಿದೆಯಲ್ಲ. ‘ನನ್ನ ಮಗಾ ಏನೂ ಮಾಡಂಗಿಲ್ರಿ ಯವ್ವಾ. ಓದಿದ್ದು ಎಲ್ಲಾ ದಂಡ ಆತು. ಕುರಿ ಹಿಂದ ತಿರಗ್ತಾನ. ಒಂದು ರೂಪಾಯಿ ಗಳಿಕಿ ಇಲ್ಲ’ ಎಂದ. ನಾನು ಮೂರು ಅಡಿ ದೂರದಲ್ಲಿ ಕೂತಿದ್ದೆ. ಶಗುಫ್ತಾ ‘ಪಾಪ’ ಎಂದು, ಸುಳ್ಳು ಮಾಹಿತಿ ಎಂದು ಗುರುತು ಹಾಕಿದಳು.

ಈಗ ಸ್ಥಿತಿ ಹೀಗಿದೆ. ಒಂದು ತಪ್ಪಿದರೂ ಫೈಲು ತಡೆಹಿಡಿಯುತ್ತಾರೆ. ಫೈಲು ನೋಡುವವನು ಏಪ್ರಿಲ್ 20ರೊಳಗೆ ವಿವರಣೆ ಬರೆಯಬೇಕು. ಬರೆಯದಿದ್ದರೆ ಈ ವರ್ಷದ ಪಟ್ಟಿಯಿಂದ ಕಾಲೇಜು ಹೊರಗೆ. ಹತ್ತನೆಯದು ಖರೆ ಎಂದು ನಾನು ಬರೆಯಬಹುದು. ಆದರೆ ಹೇಗೆ ಗೊತ್ತೆಂದು ಕೇಳಿದರೆ, ಅದು ನಾನೇ ಎಂದು ಹೇಳಬೇಕಾಗುತ್ತದೆ. ನನ್ನ ನೌಕರಿ ಹೋಗುತ್ತದೆ. ಸುಳ್ಳು ಫೈಲು ಪಾಸಾಗುತ್ತದೆ. ಸುಮ್ಮನಿದ್ದರೆ ನನ್ನ ನೌಕರಿ ಉಳಿಯುತ್ತದೆ, ನಿಮ್ಮ ಬಾಗಿಲು ಮುಚ್ಚುತ್ತದೆ.

ಆರು ಸುಳ್ಳು ಪಾಸು, ಒಂದು ಖರೆ ನಪಾಸು. ಇದನ್ನು ಯಾವ ಪಾಠದಲ್ಲಿ ಕಲಿಸಿದಿರಿ ಮೇಡಂ?

ಬೀರೇಶ


ಶಹಾಬಾದ
8 ಮಾರ್ಚ್ 2025

ಬೀರೇಶ, ನನ್ನಪ್ಪ,

ನಿನ್ನ ಕಾಗದವನ್ನು ನಿಂತೇ ಓದಿದೆ. ಓದುತ್ತ ಓದುತ್ತ ಕೂತೆ. ಮಜೀದಸಾಬರ ಮಾತಿಗೆ ನಕ್ಕೆ, ನಿನ್ನ ಅಪ್ಪನ ಮಾತಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ತಿಳಿಯಿತು, ದೇವರು ದಾರಿ ತೋರಿಸಿದ್ದಾನೆ ಎಂದು!

ನೋಡು, ನಿನಗೆ ಸುಳ್ಳು ಹೇಳು ಎಂದು ನಾನು ಹೇಳುತ್ತಿಲ್ಲ. ಹತ್ತನೆಯದು ಖರೆ. ಖರೆಯನ್ನು ಖರೆ ಎಂದು ಬರೆ, ಅಷ್ಟೇ. ಉಳಿದ ಒಂಬತ್ತನ್ನು ನೀನು ಕೇಳಿಲ್ಲ, ನೀನು ಹೇಳಿಲ್ಲ. ಅವರವರ ತಂದೆಯರೇ ಹೇಳಿದ್ದಾರೆ. ನಿನ್ನ ತಲೆಯ ಮೇಲೆ ಏನಿದೆ? ಮೇಲಿನವರ ಹತ್ತಿರ ಹೋಗಿ ನಯವಾಗಿ ಮಾತಾಡಿದರೆ ನೌಕರಿಯನ್ನು ಯಾಕೆ ತೆಗೆಯುತ್ತಾರೆ? ಇಷ್ಟು ಬುದ್ಧಿವಂತ ಹುಡುಗನನ್ನು ಯಾರಾದರೂ ಬಿಡುತ್ತಾರೆಯೇ?

ಇನ್ನೊಂದು ಮಾತು. ಹೇಳಬಾರದು ಅಂದುಕೊಂಡಿದ್ದೆ. ಕಳೆದ ವಾರ ಸರಿತಾ ಕ್ಲಾಸು ಮುಗಿದ ಮೇಲೆ ನಿಂತಳು. ‘ಮೇಡಂ, ಕಾಲೇಜು ಮುಚ್ಚತದಂತ ಖರೇನಾ? ಕಾಳಗಿ ಕಡಿಯವ್ರು ನಮ್ಮನಿಗೆ ಬಂದು ಹೋಗ್ಯಾರ. ಕಾಲೇಜು ಇರೋತನಕ ಓದಲಿ, ಇಲ್ಲಂದ್ರ ಮೇ ತಿಂಗಳಿಗೆ ಅಕ್ಕಿಕಾಳು ಹಾಕಿ ಮದವಿ ಮಾಡಿಬಿಡ್ತೀನಿ ಅಂದಾನ ಅಪ್ಪ’ ಎಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಅಣ್ಣನಿಗೆ ತಿಳಿಸಬೇಡಿ ಎಂದು ಆಣೆ ಹಾಕಿಸಿಕೊಂಡಳು. ನಾನು ಆಣೆ ಮುರಿದೆ.

ಬರೆದುಬಿಡು. ಒಂದು ಸಾಲು.

ನಿನ್ನ
ವೃಂದಾ ಮೇಡಂ


ಪುಣೆ
15 ಮಾರ್ಚ್ 2025

ಮೇಡಂ,

ನನ್ನ ತಂಗಿಯನ್ನು ತಕ್ಕಡಿಯಲ್ಲಿ ಇಡಬಾರದಿತ್ತು. ಇಟ್ಟಿರಿ.

ಆರು ಸುಳ್ಳಿಗೆ ನನ್ನ ಒಂದು ಖರೆಯನ್ನು ಜಾಮೀನು ಕೇಳುತ್ತಿದ್ದೀರಿ. ಕೊಡುವುದಿಲ್ಲ.

ಕೊಡುವುದಾದರೆ ಒಂದೇ ದಾರಿ. ನಲವತ್ತೊಂದನ್ನು ಹೊಡೆದುಹಾಕಿ ಹದಿನೇಳರ ಪಟ್ಟಿ ನೀವೇ ನಿಮ್ಮ ಕೈಯಿಂದ ಬರೆಯಿರಿ. ಫೋನಿನಲ್ಲಿ ಬೇರೆ ಹೇಳಿದ ಏಳು ಮನೆಯವರ ಸಹಿ ತೆಗೆದುಕೊಂಡು ಕಳಿಸಿ. ಕಾಲೇಜು ತಾನಾಗಿಯೇ ತಿದ್ದಿದರೆ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಆಗ ನಾನು ಎದ್ದು ನಿಂತು ಹತ್ತನೆಯವನು ನಾನೇ ಎಂದು ಹೇಳುತ್ತೇನೆ. ಆಗಬೇಕಾದದ್ದು ಆಗಲಿ. ಹದಿನೇಳರಿಂದ ನೂರರೊಳಗೆ ಬರುತ್ತೀರೋ ಇಲ್ಲವೋ ನನಗೆ ಗೊತ್ತಿಲ್ಲ. ಬರುವುದು ಕಷ್ಟ.

ಏಪ್ರಿಲ್ 20.

ಬೀರೇಶ


ಶಹಾಬಾದ
9 ಏಪ್ರಿಲ್ 2025

ಬೀರೇಶ,

ಇಪ್ಪತ್ತು ದಿನ ನಿನ್ನನ್ನು ಬೈದುಕೊಂಡು ತಿರುಗಿದೆ. ನಾನು ತಿದ್ದಿ ಬೆಳೆಸಿದ ಹುಡುಗ ನನ್ನನ್ನೇ ತಿದ್ದುತ್ತಾನೆಯೇ ಎಂದು. ನಾಲ್ಕು ಸಲ ಉತ್ತರ ಬರೆದು ಹರಿದೆ. ಅಧ್ಯಕ್ಷರು ದಿನಾ ಕೇಳುತ್ತಿದ್ದರು, ‘ನಿಮ್ಮ ಶಿಷ್ಯ ಏನಂದ?’ ಎಂದು. ಹೌದು, ನಿನಗೆ ಮೊದಲ ಕಾಗದ ಬರೆಯಿಸಿದವರು ಅವರೇ. ಆ ಮಾತನ್ನೂ ನಾನು ನುಂಗಿಕೊಂಡಿದ್ದೆ.

ಹೋದ ಭಾನುವಾರ ಮಜೀದಸಾಬರ ಮನೆಗೆ ಹೋದೆ. ಮುಖದ ಮೇಲೆ ಪಾಲಿಶ್ ಧೂಳು, ತಲೆಗೆ ಟವೆಲ್ಲು, ಕಾರ್ಖಾನೆಯಿಂದ ಹಾಗೇ ಎದ್ದು ಬಂದರು. ವಿಷಯ ಹೇಳಿದೆ. ಫೋನ್ ಮಾಡಿದವಳು ಸಂಬಂಧದವಳಲ್ಲ ಎಂದು ಕೇಳಿ ಅವರ ಮುಖ ಇಳಿದುಹೋಯಿತು. ‘ಒಂದು ತಿಂಗಳಿಂದ ಆ ಪುಣೆಯವ್ರು ಇವತ್ತ ಬರ್ತಾರ, ನಾಳಿ ಬರ್ತಾರ ಅಂತ ದಾರಿ ನೋಡಾಕತ್ತೀವಲ್ರಿ ಮೇಡಂ!’ ಎಂದರು. ಆಮೇಲೆ ಸಿಟ್ಟು ಬಂತು. ‘ಮುಂದಿನ ಹಫ್ತಾದಾಗ ಬೀದರದವ್ರು ನೋಡಾಕ ಬರ್ತಾರ. ಅವರಿಗೂ ಮ್ಯಾನೇಜರ್ ಅಂತನೇ ಹೇಳೀನಿ. ಈಗ ನೀವು ಬಂದು, ಮಗಳು ಮನ್ಯಾಗ ಕುಂತಾಳ ಅಂತ ಬರಕೊಡು ಅಂತೀರಿ? ಮೊದಲ ಮ್ಯಾನೇಜರ್ ಅಂತ ಬರದವ್ರು ಯಾರ್ರಿ?’

ಎದ್ದು ಬರಬೇಕೆಂದುಕೊಂಡೆ ಬೀರೇಶ. ಒಳಗಿನಿಂದ ಹುಮೇರಾ ಬಂದಳು. ‘ಅಬ್ಬಾ, ನಾ ಕುಂತಿದ್ದು ಖರೇನೇ ಅಲ್ಲಾ? ಮ್ಯಾನೇಜರ್ ಮಾಡು ಅಂತ ನಾ ಎಷ್ಟು ಸಲ ಕೇಳೀನಿ, ಗಂಡಸರ ಕೆಲಸ ಅಂದಿ. ಫೋನಿನಾಗ ಮಾಡಿದಿ’ ಎಂದಳು. ನನ್ನ ಕೈಯಿಂದ ಕಾಗದ ತೆಗೆದುಕೊಂಡು ತಾನೇ ಸಹಿ ಹಾಕಿದಳು. ಮಜೀದಸಾಬರು ಗೋಡೆ ನೋಡುತ್ತ ಕೂತಿದ್ದರು. ನನಗೆ ಚಹಾ ಕೇಳಲಿಲ್ಲ.

ಉಳಿದ ಐದು ಮನೆಗಳಲ್ಲಿ ಏನೇನು ಅನ್ನಿಸಿಕೊಂಡೆ ಎಂದು ಬರೆಯುವುದಿಲ್ಲ. ಒಬ್ಬರು ಬಾಗಿಲು ಹಾಕಿಕೊಂಡರು. ಎರಡನೆಯ ಸಲ ಹೋದೆ, ಮೂರನೆಯ ಸಲ ತೆಗೆದರು.

ಕೊನೆಗೆ ನಿಮ್ಮ ಮನೆ. ನಿನ್ನ ಅಪ್ಪ ಹಣಮಪ್ಪನವರು ಕಟ್ಟೆಯ ಮೇಲೆ ಕಂಬಳಿ ಹಾಸಿ ‘ಕುಂದ್ರಿ’ ಎಂದರು. ಎಲ್ಲ ಹೇಳಿದೆ, ಫೋನಿನ ಪಕ್ಕ ನೀನೇ ಕೂತಿದ್ದೆ ಎಂದೂ ಹೇಳಿದೆ. ‘ನಾ ಏನೂ ಮಾಡಂಗಿಲ್ಲ ಅಂದಿದ್ದು ಅಂವಾ ಕೇಳ್ಯಾನ?’ ಎಂದರು. ಹೌದು ಎಂದೆ. ‘ಕಾರ್ಡಿನ ಸಲುವಾಗಿ ಮಗನ್ನ ಅಳಿಸಿಬಿಟ್ಟೆ ನೋಡ್ರಿ’ ಎಂದು ಹೆಬ್ಬೆಟ್ಟು ಮುಂದೆ ಮಾಡಿದರು. ನಾನು ಶಾಯಿ ಹಚ್ಚಿದೆ. ನಿನ್ನ ಅವ್ವ ಭೀಮಬಾಯಿ ಒಳಗೆ ಹೋಗಿ ಕಾರ್ಡು ತಂದು ನನ್ನ ಮುಂದಿಟ್ಟು, ‘ಇದನ್ನೂ ಒಯ್ಯಿರಿ, ಯಾರಿಗೆ ಕೊಡಬೇಕೋ ಕೊಡ್ರಿ’ ಎಂದರು. ಅದು ನನ್ನ ಕೆಲಸವಲ್ಲ ಎಂದು ತಿಳಿಹೇಳಿ ವಾಪಸು ಕೊಟ್ಟೆ.

ಪಟ್ಟಿ ಇದರ ಜೊತೆಗಿದೆ. ಹದಿನೇಳು ಹೆಸರು. ಏಳು ಮನೆಯ ಗುರುತು. ಕೆಳಗೆ, ಮೊದಲಿನ ಫಾರಂ ನಾನೇ ತಪ್ಪು ತುಂಬಿದ್ದು, ಬೇರೆ ಯಾರೂ ಕಾರಣರಲ್ಲ ಎಂದು ಬರೆದು ಸಹಿ ಮಾಡಿದ್ದೇನೆ. ಅಧ್ಯಕ್ಷರಿಗೂ ಒಂದು ಪ್ರತಿ ಕೊಟ್ಟೆ. ಅವರು ಓದಿ, ‘ಬಾಗಿಲ ನೀವೇ ಹಾಕಿದ್ರಿ ಮೇಡಂ’ ಎಂದರು.

ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಹೆದರಿಕೆಯಾಗುತ್ತದೆ. ನನಗಾಗಿ ಅಲ್ಲ, ಆ ಹುಡುಗಿಯರಿಗಾಗಿ. ಅವರ ಹೆಸರು ಹೇಳಿಕೊಂಡೇ ಸುಳ್ಳನ್ನೂ ಬರೆದೆ, ಅದು ಗೊತ್ತಿದೆ.

ವೃಂದಾ


ಪುಣೆ
4 ಮೇ 2025

ವೃಂದಾ ಮೇಡಂ ಅವರಿಗೆ ಕಾಲಿಗೆ ಬಿದ್ದು ನಮಸ್ಕಾರ.

ಕಾಗದ ಏಪ್ರಿಲ್ 15ಕ್ಕೆ ಮುಟ್ಟಿತು. 16ಕ್ಕೆ ಒಯ್ದು ಕೊಟ್ಟೆ. ನಮ್ಮ ಮುಖ್ಯಸ್ಥರು ಮರಾಠಿಯವರು, ಕನ್ನಡ ಬಾರದು. ಶಗುಫ್ತಾಳನ್ನು ಕರೆದು ಓದಿಸಿದರು. ಅವಳು ಹುಮೇರಾ ಸಹಿ ಹಾಕಿದ ಹೇಳಿಕೆ ಓದುವಾಗ, ಸಂಬಂಧದ ಫೋನೆಂದು ತಿಳಿದು ತಂದೆ ಹಾಗೆ ಹೇಳಿದರು ಎಂಬಲ್ಲಿ ನಿಂತುಬಿಟ್ಟಳು. ‘ನಾ ಕನ್ಯಾ ನೋಡಾಕ ಫೋನ್ ಮಾಡೀನಿ ಅಂದಕೊಂಡಿದ್ರಾ?’ ಎಂದು ನನ್ನ ಮುಖ ನೋಡಿದಳು. ಅಪ್ಪನ ಹೆಬ್ಬೆಟ್ಟಿನ ಕಾಗದ ಬಂದಾಗ ನಾನೇ ಹೇಳಿದೆ, ಆ ಮಗ ನಾನು ಎಂದು.

ತಿದ್ದುಪಡಿ ತೆಗೆದುಕೊಂಡರು. ಫೈಲು ಬೇರೆಯವರಿಗೆ ಕೊಟ್ಟರು. ನನ್ನ ಬಗ್ಗೆ ಹೆಚ್ಚು ಕೆಟ್ಟದಾಗಿ ಮಾತಾಡಲಿಲ್ಲ. ‘ಮೊದಲ ದಿನವೇ ಹೇಳಿದ್ದರೆ ನಿನಗೆ ಶಹಬಾಸ್ ಅನ್ನುತ್ತಿದ್ದೆ, ಮೂರು ತಿಂಗಳ ಮೇಲೆ ಹೇಳಿದೆ’ ಎಂದರು. ಅದು ಸರಿ. ಏಪ್ರಿಲ್ ಮೂವತ್ತಕ್ಕೆ ಕಾಂಟ್ರ್ಯಾಕ್ಟು ಮುಗಿಯಿತು, ಮುಂದುವರಿಸಲಿಲ್ಲ.

ಮನೆಯಲ್ಲಿ ಹೆಂಡತಿ ಉಮಾದೇವಿಗೆ ಹೇಳಿದೆ, ಅವಳು ಅರ್ಧ ತಾಸು ಬಿಟ್ಟು ಊಟಕ್ಕೆ ಕರೆದಳು. ಇನ್ನೊಂದು ಕೆಲಸ ಹುಡುಕುತ್ತಿದ್ದೇನೆ. ಎರಡು ಕಡೆ ಕೇಳಿದರು, ಹಿಂದಿನದು ಯಾಕೆ ಬಿಟ್ಟೆ ಎಂದು. ಇದ್ದದ್ದು ಇದ್ದಂತೆ ಹೇಳಿದೆ. ಇಬ್ಬರೂ ತಿಳಿಸುತ್ತೇವೆ ಅಂದರು.

ಅಪ್ಪನಿಗೆ ನಾನು ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ.

ನಿಮ್ಮ ಮೇಲೆ ನನಗೆ ಸಿಟ್ಟಿತ್ತು ಮೇಡಂ. ಮೂರನೆಯ ಸಲ ಬಾಗಿಲು ತೆಗೆದರು ಎಂಬ ಸಾಲು ಓದಿದ ಮೇಲೆ ಹೋಯಿತು.

ನಿಮ್ಮ ವಿದ್ಯಾರ್ಥಿ
ಬೀರೇಶ


ಶಹಾಬಾದ
16 ಜೂನ್ 2025

ಬೀರೇಶ,

ಆಶೀರ್ವಾದ. ಪಟ್ಟಿ ಬಂತು, ನೀನೂ ನೋಡಿರುತ್ತೀಯ. ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. ನಮ್ಮ ಹೆಸರಿಲ್ಲ.

ಅಧ್ಯಕ್ಷರು ಹೇಳಿದಂತೆ ಮಾಡಿದರು. ಹೊಸ ಅಡ್ಮಿಷನ್ ಇಲ್ಲ. ಸೇಡಂನಿಂದ ಮೂವರು ಹುಡುಗಿಯರು ಅರ್ಜಿ ಹಿಡಿದು ಬಂದಿದ್ದರು, ಒಬ್ಬಳ ಜೊತೆ ಅಜ್ಜಿಯೂ ಇದ್ದಳು. ಗೇಟಿನಿಂದಲೇ ವಾಪಸು ಕಳಿಸಬೇಕಾಯಿತು. ಆ ಮುದುಕಿ ‘ಮತ್ತ ಎಂದ ಬರಬೇಕ್ರಿ?’ ಎಂದು ಕೇಳಿದಳು. ಸುಳ್ಳು ಹೇಳಲು ಬಹಳ ಮನಸ್ಸಾಯಿತು.

ಆದರೆ ಸೇರಿಸಿಕೊಂಡವರನ್ನು ನಡುವೆ ಕೈಬಿಡುವಂತಿಲ್ಲ, ವಿಶ್ವವಿದ್ಯಾಲಯದ ನಿಯಮ. ಸರಿತಾಳ ಬ್ಯಾಚು ಬರುವ ಮೇ ತಿಂಗಳವರೆಗೆ ಓದುತ್ತದೆ. ಅದೇ ಕೊನೆಯ ಬ್ಯಾಚು. ನಿಮ್ಮ ಅಪ್ಪ ಕಾಳಗಿಯವರಿಗೆ, ‘ಹುಡುಗಿ ಓದು ಮುಗಿಸ್ತಾಳ, ತಡೀತೀರೋ ಬಿಡ್ತೀರೋ ನಿಮಗ ಬಿಟ್ಟಿದ್ದು’ ಎಂದು ಹೇಳಿ ಕಳಿಸಿದರಂತೆ. ನನ್ನನ್ನೂ ಆ ಬ್ಯಾಚು ಮುಗಿಯುವವರೆಗೆ ಇಟ್ಟುಕೊಂಡಿದ್ದಾರೆ, ಪಾಠ ಮಾಡುವವರು ಬೇಕಲ್ಲ.

ಇನ್ನು ಹೇಳಲಾರದ ಮಾತು. ಮೊನ್ನೆ ಮತ್ತೊಂದು ಫಾರಂ ಬಂತು, ಇನ್ನಾವುದೋ ಸಂಸ್ಥೆಯ ರ‍್ಯಾಂಕಿಂಗು. ಮುಚ್ಚುವ ಕಾಲೇಜಿಗೂ ಬರುತ್ತವೆ ಇವು. ಅಧ್ಯಕ್ಷರು ನೋಡಿ, ‘ಏನ್ ಬೇಕೋ ಬರೀರಿ, ಈಗೇನು’ ಎಂದು ನನ್ನ ಟೇಬಲ್ಲಿನ ಮೇಲೆ ಒಗೆದು ಹೋದರು. ಸರಿತಾ ನನ್ನ ಜೊತೆ ಕೂತು ಏಪ್ರಿಲ್ ತಿಂಗಳ ಪಟ್ಟಿಯಿಂದ ಹೆಸರು ಓದುತ್ತಿದ್ದಳು, ನಾನು ಮೇಲೆ ಹದಿನೇಳು ಎಂದು ಹಾಕಿ ಬರೆಯುತ್ತಿದ್ದೆ. ಈ ದಿನಕ್ಕೆ ನೌಕರಿಯಲ್ಲಿ ಇರುವವರ ಹೆಸರು ಎಂದು ಕೇಳಿದ್ದಾರೆ. ನಿನ್ನ ಹೆಸರು ಬರೆದು ನಾನು ನಿಂತೆ. ನಿನ್ನ ನೌಕರಿ ಹೋದದ್ದು ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಉಮಾದೇವಿ ಫೋನಿನಲ್ಲಿ ಎಲ್ಲ ಹೇಳಿದ್ದಾಳಂತೆ, ಹದಿನೈದು ದಿನದ ಹಿಂದೆಯೇ.

ಇದೊಂದನ್ನು ಹಾಗೇ ಬಿಡೋಣ ಎಂದು ನನ್ನ ಬಾಯಿಗೆ ಬಂದಿತ್ತು ಬೀರೇಶ. ನಿನಗೆ ಸುಳ್ಳು ಹೇಳುವುದಿಲ್ಲ. ಒಂದೇ ಹೆಸರು, ಯಾರಿಗೆ ನಷ್ಟ, ನಾಳೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು.

ಸರಿತಾ ನನ್ನ ಮುಖ ನೋಡಿದಳು. ‘ತರ್ರಿ ಮೇಡಂ ಇಲ್ಲಿ. ನಾ ಬರೀತೀನಿ’ ಎಂದು ಪೆನ್ನು ತೆಗೆದುಕೊಂಡಳು. ಅಣ್ಣನ ಹೆಸರಿನ ಮೇಲೆ ಗೆರೆ ಎಳೆದಳು. ಹದಿನೇಳು ಹೊಡೆದು ಹದಿನಾರು ಬರೆದಳು. ಆಮೇಲೆ ಎದ್ದು ನೀರು ಕುಡಿದು ಬರುತ್ತೇನೆಂದು ಹೋದವಳು ಬಹಳ ಹೊತ್ತು ಬರಲಿಲ್ಲ.

ವೃಂದಾ